ಇಪ್ಪತ್ತೈದರ ಆಸುಪಾಸಿನವರ ಸಂಶಯಗಳಿಗೆ ಚರ್ಚಿನಲ್ಲಿ ಒಂದು ಕೂಟ: ಹೇಗೆ ನಡೆಸುವುದು?

ಕಟಪಾಡಿ_ಹುಡುಗ (ಪ್ರಶ್ನೆ)

22ರಿಂದ 30ರ ಪ್ರಾಯದ ಕ್ರೈಸ್ತರ ವಿಷಯ ಇದು. ಪಿಯುಸಿ ತನಕ ದೊತೊರ್ನ್ (ಧರ್ಮೋಪದೇಶದ ತರಗತಿ) ಉಂಟು. ಅದು ಮುಗಿದರೆ ಮುಂದಿನದ್ದು ನೇರ ಮದುವೆ ತಯಾರಿ ಶಿಬಿರ. ನಡುವಿನ ಎಂಟು ಹತ್ತು ವರ್ಷ ಇಗರ್ಜಿಯಲ್ಲಿ (ಚರ್ಚಿನಲ್ಲಿ) ನಮಗಿರುವುದು ಕೆಲಸ ಮಾತ್ರ: ಕ್ರಿಸ್ಮಸ್ ಗೋದಲಿ ಕಟ್ಟು, ಪಾರ್ಕಿಂಗ್ ನೋಡು, ಹಬ್ಬದ ಊಟ ಬಡಿಸು, ಟೂರ್ನಮೆಂಟಿಗೆ ಸ್ಪಾನ್ಸರ್ ಹುಡುಕು. ಕೆಲಸದ ಬಗ್ಗೆ ತಕರಾರಿಲ್ಲ. ಆದರೆ ದೊಡ್ಡ ಪ್ರಶ್ನೆಗಳು ಬರುವುದು ಸರಿಯಾಗಿ ಇದೇ ಪ್ರಾಯದಲ್ಲಿ. ಅವುಗಳನ್ನು ಇಡಲಿಕ್ಕೆ ಜಾಗ ಇಲ್ಲ.

ನಮ್ಮ ತಲೆಮಾರಿಗೆ ನಂಬಿಕೆಯೇ ಇಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಮೊಂತಿ ಫೆಸ್ತಿಗೆ (ಮರಿಯಮ್ಮನವರ ಹುಟ್ಟುಹಬ್ಬಕ್ಕೆ) ಬೆಂಗಳೂರಿನಿಂದ ರಾತ್ರಿ ಬಸ್ಸು ಹಿಡಿದು ಬರುವವರು, ಶುಭ ಶುಕ್ರವಾರದ ಉಪವಾಸ ತಪ್ಪಿಸದವರು ನಮ್ಮಲ್ಲೇ ಎಷ್ಟೋ ಜನ ಇದ್ದಾರೆ. ಅವರೇ ಸಾಮಾನ್ಯ ಆದಿತ್ಯವಾರ ಪೂಜೆಗೆ ಕಾಣುವುದಿಲ್ಲ. ಅಪ್ಪ ಅಮ್ಮನ ನಂಬಿಕೆ ಸಂಜೆ ಏಳರ ತೆರ್ಸಿನ (ಜಪಮಾಲೆ ಪ್ರಾರ್ಥನೆಯ) ಸುತ್ತ ಬೆಳೆದದ್ದು. ನಮಗೆ ಸಂಜೆ ಏಳಕ್ಕೆ ಶಿಫ್ಟ್ ಶುರು.

ಕೇಳಬೇಕಾದ್ದು ಇಷ್ಟು: ಪ್ರಶ್ನೆ ಕೇಳುವುದಕ್ಕೇ ಅಂತ ಒಂದು ಸಣ್ಣ ಕೂಟ ಮಾಡುವುದಾದರೆ ಎಷ್ಟು ಜನ, ಎಲ್ಲಿ, ಎಷ್ಟು ಹೊತ್ತು, ಏನು ಓದುವುದು? ಅದು ಮತ್ತೊಂದು ಪ್ರಾರ್ಥನಾ ಕೂಟವೋ ಮತ್ತೊಂದು ಕಮಿಟಿಯೋ ಆಗದಂತೆ ನೋಡಿಕೊಳ್ಳುವುದು ಹೇಗೆ? ಇನ್ನೊಂದು, ವರ್ಷಗಟ್ಟಲೆ ಪಾಪನಿವೇದನೆಗೆ ಹೋಗದವರು, ಬೇರೆ ಧರ್ಮದವರನ್ನು ಪ್ರೀತಿಸುವವರು "ನಮಗೆ ಬಾಗಿಲು ಮುಚ್ಚಿದೆ" ಅಂತಲೇ ದೂರ ಇದ್ದಾರೆ. ಅವರಿಗೆ ಸರಿಯಾದ ಮಾಹಿತಿ ಏನು ಕೊಡಬೇಕು?

ಬೆಂದೂರ್_ಟೀಚರ್

ಸಂಖ್ಯೆಯಿಂದಲೇ ಶುರು ಮಾಡಿ. ಆರರಿಂದ ಒಂಬತ್ತು ಜನ ಸಾಕು. ಹತ್ತು ದಾಟಿದರೆ ಮೂವರು ಮಾತಾಡುತ್ತಾರೆ, ಉಳಿದವರು ಮೊಬೈಲ್ ಉಜ್ಜುತ್ತಾರೆ. ಇನ್ನೂ ಇಬ್ಬರು ಬರುತ್ತೇವೆ ಅಂದರೆ ಬೇಡ ಅನ್ನಬೇಡಿ, ಎರಡು ಗುಂಪು ಮಾಡಿ.

ಆದಿತ್ಯವಾರ ಪೂಜೆ ಮುಗಿದ ಮೇಲೆ ಇಟ್ಟರೆ ಕೂಟ ಉಳಿಯುವುದಿಲ್ಲ. ಅದೇ ಹೊತ್ತಿಗೆ ದೊತೊರ್ನ್ ಕಲಿಸುವವರಿರುತ್ತಾರೆ, ಐಸಿವೈಎಂ (ಕಥೋಲಿಕ ಯುವಸಂಘ) ಮೀಟಿಂಗ್ ಇರುತ್ತದೆ, ಮನೆಯಲ್ಲಿ ಊಟಕ್ಕೆ ಕಾಯುತ್ತಾರೆ. ಎರಡನೇ ಮತ್ತು ನಾಲ್ಕನೇ ಶನಿವಾರ ಸಂಜೆ ನಮ್ಮ ಕಡೆಗೆ ಚೆನ್ನಾಗಿ ಹೊಂದುತ್ತದೆ. ಬ್ಯಾಂಕಿನವರಿಗೆ ಅವತ್ತು ರಜೆ, ನರ್ಸಿಂಗ್‌ನವರ ಡ್ಯೂಟಿ ಬದಲಾಗುತ್ತಿರುವುದರಿಂದ ಎರಡರಲ್ಲಿ ಒಂದು ಸಲವಾದರೂ ಸಿಕ್ಕೀತು. 5:30ಕ್ಕೆ ಶುರು, 7ಕ್ಕೆ ಮುಗಿಯಲೇಬೇಕು. ಹಳ್ಳಿ ಕಡೆ ಎಂಟರ ನಂತರ ಬಸ್ಸು ಕಡಿಮೆ. ಹುಡುಗಿಯರ ಮನೆಯಿಂದ ಒಂದೇ ಒಂದು ಸಲ "ಇಷ್ಟು ತಡ ಯಾಕೆ" ಅಂತ ಫೋನ್ ಬಂದರೆ ಮುಂದಿನ ಸಲ ನಾಲ್ಕು ಕುರ್ಚಿ ಖಾಲಿ. ಶನಿವಾರ ಸಂಜೆ ಪೂಜೆ ಇರುವ ಇಗರ್ಜಿಯಾದರೆ ಅದಕ್ಕೆ ಅಡ್ಡ ಬರದ ಹಾಗೆ ಹೊತ್ತು ನೋಡಿಕೊಳ್ಳಿ.

ಸಭಾಭವನ ಬೇಡ. ಇನ್ನೂರು ಜನರ ಹಾಲಿನಲ್ಲಿ ಎಂಟು ಜನ ಕೂತರೆ ದನಿ ಪ್ರತಿಧ್ವನಿಸಿ ಎಲ್ಲರೂ ಭಾಷಣಕ್ಕೆ ಇಳಿಯುತ್ತಾರೆ. ಶಾಲೆಯ ಒಂದು ಕ್ಲಾಸ್ ರೂಮ್ ಕೇಳಿ, ಬೆಂಚು ತಿರುಗಿಸಿ ವೃತ್ತ ಮಾಡಿ. ಮನೆಯ ಚಾವಡಿಯೂ ಆಗಬಹುದು, ಆದರೆ ಒಳಗಿನವರಿಗೆ ಮಾತು ಕೇಳಿಸದಿದ್ದರೆ ಮಾತ್ರ. ಚಾ ತಂದುಕೊಡುವ ಆಂಟಿಯ ಎದುರು "ನಾನು ಪ್ರಾರ್ಥನೆ ಮಾಡುವುದೇ ಬಿಟ್ಟಿದ್ದೇನೆ" ಅಂತ ಯಾರು ಹೇಳುತ್ತಾರೆ?

ವಿಗಾರರಿಗೆ (ಚರ್ಚಿನ ಮುಖ್ಯ ಗುರುಗಳಿಗೆ) ಒಂದು ಪುಟದ ಪತ್ರ ಕೊಡಿ: ಕೂಟದ ಉದ್ದೇಶ ಎರಡು ಸಾಲು, ಯಾವ ದಿನ, ಎಲ್ಲಿ, ಎಷ್ಟಕ್ಕೆ ಮುಗಿಯುತ್ತದೆ, ಜವಾಬ್ದಾರರಾದ ಇಬ್ಬರ ಹೆಸರು. ಇದು ಬರೀ ಶಿಷ್ಟಾಚಾರಕ್ಕಲ್ಲ. ಹೇಳದೆ ಕೇಳದೆ ಎಂಟು ಜನ ಬೈಬಲ್ ಹಿಡಿದುಕೊಂಡು ಸೇರಿದರೆ ಮೂರನೇ ವಾರಕ್ಕೆ "ಇವರು ಬಿಲೀವರ್ಸ್ (ಹೊಸ ಪ್ರಾರ್ಥನಾ ಪಂಗಡಗಳ) ಕಡೆ ಹೋಗಿದ್ದಾರೆ" ಅನ್ನುವ ಸುದ್ದಿ ವಾಡೊ (ಇಗರ್ಜಿಯ ವಾರ್ಡು) ತುಂಬಾ ಹರಡುತ್ತದೆ. ಹೊರಗಿನ ಕಾರಣವೂ ಉಂಟು. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನಲ್ಲಿ ಚರ್ಚುಗಳ, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಗಳಾದ ಮೇಲೆ ಖಾಸಗಿ ಜಾಗದಲ್ಲಿ ಸೇರುವ ಗುಂಪಿನ ಬಗ್ಗೆ ಎರಡೂ ಕಡೆ ಒಂದು ಅಳುಕು ಉಳಿದಿದೆ. ಚರ್ಚಿನ ಆವರಣದಲ್ಲಿ, ಚರ್ಚಿನ ಲೆಕ್ಕದಲ್ಲಿ ನಡೆದರೆ ಈ ಮಂಡೆಬಿಸಿ ಇಲ್ಲ.

ಆದರೆ ಫಾದರ್ ಪ್ರತಿ ಸಲ ಕೂರುವುದು ಬೇಡ, ಎಷ್ಟೇ ಸ್ನೇಹಜೀವಿಯಾದರೂ. ಅವರಿದ್ದರೆ ಪ್ರಶ್ನೆಗಳು ಮಡಿ ಉಟ್ಟುಕೊಂಡೇ ಹೊರಗೆ ಬರುತ್ತವೆ. ನಾಲ್ಕು ಸಲಕ್ಕೊಮ್ಮೆ ಕರೆಯಿರಿ, ಪ್ರಶ್ನೆಗಳನ್ನು ಒಂದು ವಾರ ಮೊದಲೇ ಬರೆದು ಕೊಡಿ. ಮೂರು ತಿಂಗಳಿಗೊಮ್ಮೆ ಜೆಪ್ಪು ಸೆಮಿನರಿಯಿಂದಲೋ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಿಂದಲೋ ಒಬ್ಬ ಪ್ರಾಧ್ಯಾಪಕರನ್ನು ಕೇಳಿಕೊಳ್ಳಬಹುದು. ಎರಡೂ ಮಂಗಳೂರಿನೊಳಗೇ ಇವೆ, ನಮ್ಮವರು ಬಳಸಿಕೊಳ್ಳುವುದೇ ಇಲ್ಲ.

ಓದಲಿಕ್ಕೆ ಮಾರ್ಕನ ಶುಭಸಂದೇಶ. ನಾಲ್ಕರಲ್ಲಿ ಚಿಕ್ಕದು, 16 ಅಧ್ಯಾಯ. ಒಂದು ಕೂಟಕ್ಕೆ ಒಂದು ಅಧ್ಯಾಯ, ಹದಿನೈದು ದಿನಕ್ಕೊಮ್ಮೆ ಅಂದರೆ ಎಂಟು ತಿಂಗಳು. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ಮುಗಿಸಿ ಶುರು ಮಾಡಿದರೆ ಕ್ರಿಸ್ಮಸ್ ಮತ್ತು ಪವಿತ್ರ ವಾರದ ಬಿಡುವು ಸೇರಿಸಿ ಮಳೆ ಹಿಡಿಯುವ ಹೊತ್ತಿಗೆ ಮುಗಿಯುತ್ತದೆ. ಜನವರಿ ಕೊನೆಗೆ ಕಾರ್ಕಳದ ಕಡೆಯವರು ಅತ್ತೂರು ಚರ್ಚಿನ ಜಾತ್ರೆಯ ಗಡಿಬಿಡಿಯಲ್ಲಿರುತ್ತಾರೆ, ಅದನ್ನೂ ಬಿಟ್ಟುಬಿಡಿ. ವಿಷಯ ಆರಿಸಿಕೊಂಡು ಚರ್ಚೆ ಮಾಡುವ ಬದಲು ಒಂದೇ ಪುಸ್ತಕ ಹಿಡಿಯುವುದಕ್ಕೆ ಕಾರಣ ಉಂಟು. ವಿಷಯ ಆರಿಸುವವರು ಯಾವಾಗಲೂ ಬಾಯಿ ಇರುವವರೇ. ಪುಸ್ತಕವಾದರೆ ಯಾರೂ ಆರಿಸದ ಸಂಗತಿಯೂ ಎದುರಿಗೆ ಬಂದು ನಿಲ್ಲುತ್ತದೆ. 4ನೇ ಅಧ್ಯಾಯದ ಬಿರುಗಾಳಿಯಲ್ಲಿ ಶಿಷ್ಯರು ಮಲಗಿದ್ದ ಯೇಸುವನ್ನು ಎಬ್ಬಿಸಿ ನಿನಗೆ ಚಿಂತೆಯೇ ಇಲ್ಲವಾ ಅಂತ ಕೇಳುತ್ತಾರೆ. 9ನೇ ಅಧ್ಯಾಯದ ತಂದೆ ನಂಬಿಕೆಯನ್ನೂ ಅಪನಂಬಿಕೆಯನ್ನೂ ಒಂದೇ ಉಸಿರಿನಲ್ಲಿ ಹೇಳಿಕೊಳ್ಳುತ್ತಾನೆ. 14ನೇ ಅಧ್ಯಾಯದಲ್ಲಿ ಹೊದ್ದ ಬಟ್ಟೆಯನ್ನೇ ಬಿಟ್ಟು ಓಡಿಹೋಗುವ ಒಬ್ಬ ಯುವಕ ಇದ್ದಾನೆ, ಎರಡೇ ವಚನ, ಹೆಸರೂ ಇಲ್ಲ. ಈ ಪ್ರಾಯದವರು ಅಲ್ಲಿ ಬೇಡ ಅಂದರೂ ನಿಲ್ಲುತ್ತಾರೆ. 13ನೇ ಅಧ್ಯಾಯಕ್ಕೆ ಮಾತ್ರ ಹುಷಾರ್: ಅಂತ್ಯಕಾಲದ ಮಾತು ಬಂದ ಕೂಡಲೇ ಯಾರೋ ಒಬ್ಬರು ಯೂಟ್ಯೂಬ್ ವಿಡಿಯೋ ತೆಗೆಯುತ್ತಾರೆ.

90 ನಿಮಿಷವನ್ನು ಹೀಗೆ ಕತ್ತರಿಸಿ. ಮೊದಲ 10 ನಿಮಿಷ ಬರುವವರಿಗೆ. ಆಮೇಲೆ ಇಬ್ಬರು ಅರ್ಧರ್ಧ ಅಧ್ಯಾಯ ಗಟ್ಟಿಯಾಗಿ ಓದಬೇಕು, 8 ನಿಮಿಷ ಸಾಕು. ನಂತರ 3 ನಿಮಿಷ ಪೂರ್ತಿ ಮೌನ, ಗಡಿಯಾರ ಇಟ್ಟೇ. ಆಮೇಲೆ ಒಂದು ಸುತ್ತು: ಪ್ರತಿಯೊಬ್ಬರೂ ಎಲ್ಲಿ ಸಿಕ್ಕಿಹಾಕಿಕೊಂಡೆ ಅಂತ ಒಂದೇ ವಾಕ್ಯ ಹೇಳುವುದು, ಯಾರೂ ಉತ್ತರ ಕೊಡುವ ಹಾಗಿಲ್ಲ. ಹತ್ತು ನಿಮಿಷದಲ್ಲಿ ಸುತ್ತು ಮುಗಿಯುತ್ತದೆ. ಆಗ ಚೀಟಿ. ಒಂದೇ ತರದ ಕಾಗದ, ಒಂದೇ ಬಣ್ಣದ ಪೆನ್ನು. ಪ್ರಶ್ನೆ ಇಲ್ಲದವರೂ "ಏನಿಲ್ಲ" ಅಂತ ಬರೆದು ಹಾಕಲೇಬೇಕು. ಮೂವರೇ ಬರೆದರೆ ಯಾರು ಬರೆದದ್ದು ಅಂತ ಎಲ್ಲರಿಗೂ ಗೊತ್ತಾಗಿಬಿಡುತ್ತದೆ, ಮುಂದಿನ ಸಲ ಆ ಮೂವರೂ ಬರೆಯುವುದಿಲ್ಲ. ಡಬ್ಬಿಯಿಂದ ಎರಡು ಚೀಟಿ ತೆಗೆಯಿರಿ, ಒಂದೊಂದಕ್ಕೆ 18 ನಿಮಿಷ. ಯಾರಿಗೂ ಉತ್ತರ ಗೊತ್ತಿಲ್ಲದ್ದನ್ನು ಒಂದು ಹಾಳೆಯಲ್ಲಿ ಬರೆದು, ಯಾರು ಯಾರನ್ನು ಕೇಳಿ ಬರಬೇಕು ಅಂತ ಹೆಸರು ಹಾಕಿ. ಈ ಹಾಳೆ ಮುಖ್ಯ. ಇಲ್ಲದಿದ್ದರೆ ಗೊತ್ತಿಲ್ಲದ್ದಕ್ಕೂ ಏನಾದರೊಂದು ಉತ್ತರ ಹುಟ್ಟಿಕೊಳ್ಳುತ್ತದೆ. ಕೊನೆಗೆ ಬೈಬಲಿನ ಒಂದು ಕೀರ್ತನೆ, ಹೆಸರು ಹಿಡಿದು ಬಿನ್ನಹ, ಚಾ.

ಕೂಟ ಕೆಡುವ ದಾರಿಗಳು ನಾಲ್ಕೈದು ಉಂಟು. ಎಲ್ಲದಕ್ಕೂ ಉತ್ತರ ಕೊಡುವ ಒಬ್ಬ ಮಹಾಶಯ ಪ್ರತಿ ಗುಂಪಿನಲ್ಲೂ ಇರುತ್ತಾನೆ, ಯಾರ ಮಾತೂ ಎರಡು ನಿಮಿಷ ದಾಟಬಾರದು ಅಂತ ಮೊದಲ ದಿನವೇ ಎಲ್ಲರಿಗೂ ಹೇಳಿಬಿಡಿ. "ಪ್ರಾರ್ಥನೆ ಮಾಡು, ಸರಿಯಾಗ್ತದೆ" ಅನ್ನುವ ಮಾತು ಚರ್ಚೆಗೆ ಬೀಗ ಹಾಕುತ್ತದೆ, ಅದನ್ನು ಚಾ ಹೊತ್ತಿಗೆ ಇಟ್ಟುಕೊಳ್ಳಲಿ. ವಾಟ್ಸಾಪ್ ಗುಂಪಿನಲ್ಲಿ ಅಡ್ಮಿನ್ ಮಾತ್ರ ಬರೆಯುವ ಹಾಗೆ ಸೆಟ್ಟಿಂಗ್ ಇಡಿ, ಇಲ್ಲದಿದ್ದರೆ ಎರಡನೇ ವಾರಕ್ಕೆ ಗುಡ್ ಮಾರ್ನಿಂಗ್ ಹೂಗಳು. ಕೂಟದ ಮಾತು ಹೊರಗೆ ಹೋಯಿತು ಅಂತ ಆದರೆ ಆ ದಿನವೇ ಎಲ್ಲರ ಎದುರು ಮಾತಾಡಿ ಮುಗಿಸಿ, ತಡ ಮಾಡಿದಷ್ಟೂ ಜನ ಕರಗುತ್ತಾರೆ. ಎಲ್ಲಕ್ಕಿಂತ ದೊಡ್ಡ ಅಪಾಯ ಯಶಸ್ಸು. ಚೆನ್ನಾಗಿ ನಡೆಯುವ ಎಂಟು ಯುವಕರ ಗುಂಪು ಕಂಡರೆ ಯಾವ ಪಾಲನಾ ಮಂಡಳಿಗೂ ತಡೆಯಲಿಕ್ಕಾಗುವುದಿಲ್ಲ: "ಹೇಗೂ ನೀವಿದ್ದೀರಲ್ಲ, ಈ ಸಲದ ಸ್ಟಾಲ್ ನೋಡಿಕೊಳ್ಳಿ". ಸ್ಟಾಲ್ ಕೆಲಸಕ್ಕೆ ಒಬ್ಬೊಬ್ಬರಾಗಿ ಹೋಗಿ, ಕೂಟವಾಗಿ ಹೋಗಬೇಡಿ. ವಿಗಾರರಿಗೆ ಕೊಡುವ ಪತ್ರದಲ್ಲೇ ಈ ಸಾಲು ಬರೆದುಬಿಡಿ.

ಗುರ್ಕಾರ್_ಅಂಕಲ್

ಇಷ್ಟೆಲ್ಲ ನಿಮಿಷದ ಲೆಕ್ಕ ಯಾಕೆ ಮಾರಾಯ್ರೆ? ವಾಡೊದಲ್ಲಿ ಕಿರು ಕ್ರೈಸ್ತ ಸಮುದಾಯದ ಸಭೆ ಉಂಟಲ್ಲ, ಅದಕ್ಕೇ ಬರಲಿ. ಬರುವುದಿಲ್ಲ, ಯಾಕೆಂದರೆ ಮೊಬೈಲ್ ಬಿಡಲಿಕ್ಕಾಗುವುದಿಲ್ಲ. ಮನೆಯಲ್ಲಿ ತೆರ್ಸ್ ಹೇಳುವುದು ನಿಂತಲ್ಲೇ ಎಲ್ಲವೂ ನಿಂತಿದೆ.

ಜೆಪ್ಪು_ಓದುಗ

ಗುರ್ಕಾರರೇ, ತೆರ್ಸಿನ ಬಗ್ಗೆ ನೀವು ಹೇಳಿದ್ದರಲ್ಲಿ ನಿಜ ಉಂಟು. ಆದರೆ ವಾಡೊದ ಸಭೆಯಲ್ಲಿ ಅಪ್ಪ, ಚಿಕ್ಕಪ್ಪ, ಶಾಲೆಯ ಹಳೇ ಟೀಚರು ಕೂತಿರುವಾಗ 24ರ ಹುಡುಗಿ ದೇವರು ಇದ್ದಾನೋ ಇಲ್ಲವೋ ಅಂತ ಕೇಳುವುದು ಸಾಧ್ಯವಾ? ಆ ಸಭೆಯ ಕೆಲಸ ಬೇರೆ, ಇದರದ್ದು ಬೇರೆ.

ಟೀಚರ್ ನಡೆಸುವ ಕ್ರಮ ಹೇಳಿದ್ದಾರೆ, ಚೀಟಿಯಲ್ಲಿ ಬರುವ ಪ್ರಶ್ನೆಗಳ ಬಗ್ಗೆ ನಾನು ಸ್ವಲ್ಪ ಸೇರಿಸುತ್ತೇನೆ. ಪ್ರಶ್ನೆಗಳು ನೂರಾರು ಅನಿಸಿದರೂ ಒಟ್ಟು ಐದಾರು ಬಗೆಯವೇ.

ವಿಜ್ಞಾನ ಮತ್ತು ಸೃಷ್ಟಿ. ಇದಕ್ಕೆ ಭಾಷಣ ಬೇಡ, ಒಂದು ಹಾಳೆ ಸಾಕು. ಮಧ್ಯದಲ್ಲಿ ಗೆರೆ ಎಳೆದು ಎಡಗಡೆ ಆದಿಕಾಂಡ 1:1ರಿಂದ 2:4ರ ಮೊದಲರ್ಧದ ತನಕ, ಬಲಗಡೆ 2:4ರ ಉಳಿದರ್ಧದಿಂದ 2:25ರ ತನಕ ಯಾವುದು ಮೊದಲು ಯಾವುದು ನಂತರ ಅಂತ ಅವರೇ ಬರೆಯಲಿ. ಎಡಗಡೆ ಬೆಳಕು ಮೊದಲ ದಿನ, ಸೂರ್ಯ ನಾಲ್ಕನೇ ದಿನ. ಗಿಡಮರ ಮೂರನೇ ದಿನ, ಪ್ರಾಣಿಗಳಾದ ಮೇಲೆ ಗಂಡು ಹೆಣ್ಣು ಒಟ್ಟಿಗೆ. ಬಲಗಡೆ ಮೊದಲು ಮನುಷ್ಯ, ಆಮೇಲೆ ತೋಟ, ಆಮೇಲೆ ಪ್ರಾಣಿಗಳು, ಕೊನೆಗೆ ಸ್ತ್ರೀ. ಒಂದೇ ಪುಟದಲ್ಲಿ ಎರಡು ಅನುಕ್ರಮ ಇಟ್ಟುಕೊಂಡ ಗ್ರಂಥ ಲ್ಯಾಬ್ ರಿಪೋರ್ಟ್ ಬರೆಯಲು ಹೊರಟದ್ದಲ್ಲ ಅಂತ ಅವರಿಗೇ ಕಾಣುತ್ತದೆ. ಆರು ದಿನ ಅಂದರೆ ನಮ್ಮ 24 ಗಂಟೆಯ ದಿನ ಆಗಬೇಕೆಂದಿಲ್ಲ ಅಂತ ಸಂತ ಅಗಸ್ಟಿನ್ 1600 ವರ್ಷದ ಹಿಂದೆಯೇ ವಾದಿಸಿದ್ದರು. ವಿಶ್ವ ಹಿಗ್ಗುತ್ತಿದೆ ಅಂತ 1927ರಲ್ಲಿ ಲೆಕ್ಕ ಹಾಕಿ ತೋರಿಸಿದ ಜಾರ್ಜ್ ಲೆಮೈತ್ರ್ ಬೆಲ್ಜಿಯಂನ ಕಥೋಲಿಕ ಗುರು. ಈ ಹಾಳೆಯ ಕೆಲಸ ಅರ್ಧಕ್ಕೆ ಬಿಟ್ಟರೆ ಮಾತ್ರ ಅಪಾಯ. ಎರಡು ಪಟ್ಟಿ ಮಾಡಿಸಿ ಮನೆಗೆ ಕಳಿಸಿದರೆ "ಹಾಗಾದರೆ ಎಲ್ಲ ಕಟ್ಟುಕಥೆ" ಅಂತ ಹೋಗುತ್ತಾರೆ. ಅದೇ ದಿನ ಇನ್ನೊಂದು ಇಪ್ಪತ್ತು ನಿಮಿಷ ತೆಗೆದಿಟ್ಟು ಪ್ರತಿ ಕಥನ ಯಾವ ಪ್ರಶ್ನೆಗೆ ಉತ್ತರ ಹೇಳುತ್ತಿದೆ ಅಂತ ನೋಡಲೇಬೇಕು.

ಕಷ್ಟ ಮತ್ತು ಉತ್ತರ ಸಿಗದ ಪ್ರಾರ್ಥನೆ. ಇಲ್ಲಿ ವಾದವೇ ಬೇಡ. 88ನೇ ಕೀರ್ತನೆ ಓದಿ. ಉಳಿದ ಗೋಳಾಟದ ಕೀರ್ತನೆಗಳು ಹೆಚ್ಚಾಗಿ ಕೊನೆಗೆ ಸ್ತುತಿಯ ಕಡೆ ತಿರುಗುತ್ತವೆ, ಇದು ಕತ್ತಲೆಯಲ್ಲೇ ಮುಗಿಯುತ್ತದೆ. ಅಂಥದ್ದಕ್ಕೂ ಪ್ರಾರ್ಥನೆಯ ಪುಸ್ತಕದಲ್ಲಿ ಜಾಗ ಕೊಟ್ಟಿದ್ದಾರೆ ಅನ್ನುವುದೇ ಎಷ್ಟೋ ಜನರಿಗೆ ಹೊಸ ಸುದ್ದಿ. ಯೋಬನ ಗ್ರಂಥ 42 ಅಧ್ಯಾಯ, ಪೂರ್ತಿ ಓದಿಸಲು ಹೋದರೆ ಗುಂಪು ಮಲಗುತ್ತದೆ. 1ರಿಂದ 3, ಆಮೇಲೆ 38 ಮತ್ತು 42 ಸಾಕು. ಗೆಳೆಯರು ಏಳು ದಿನ ಸುಮ್ಮನೆ ಕೂತದ್ದನ್ನೂ, ಮಾತಾಡಿದ ಆ ಗೆಳೆಯರ ಮೇಲೆಯೇ 42:7ರಲ್ಲಿ ದೇವರು ಸಿಟ್ಟಾದದ್ದನ್ನೂ ತೋರಿಸಿ. ಮೇಲೆ ಟೀಚರ್ ಹೇಳಿದ "ಪ್ರಾರ್ಥನೆ ಮಾಡು ಸರಿಯಾಗ್ತದೆ" ಗುಂಪಿನವರಿಗೆ ಇದು ಮದ್ದು.

ಬೇರೆ ಧರ್ಮದ ಗೆಳೆಯರ ಗತಿ ಏನು ಅನ್ನುವ ಪ್ರಶ್ನೆ ನಮ್ಮೂರಲ್ಲಿ ಪುಸ್ತಕದಿಂದ ಬರುವುದಲ್ಲ, ಪಕ್ಕದ ಬೆಂಚಿನಿಂದ ಬರುವುದು. ಕಥೋಲಿಕ ನಿಲುವು ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ (ಜಗತ್ತಿನ ಕಥೋಲಿಕ ಬಿಷಪರ ಸಭೆಯಲ್ಲಿ) ಸ್ಪಷ್ಟವಾಗಿದೆ. 1965ರ ಅಕ್ಟೋಬರ್ 28ರ ಘೋಷಣೆ ಬೇರೆ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲ ಅನ್ನುತ್ತದೆ, ಅದೇ ಉಸಿರಿನಲ್ಲಿ ಕ್ರಿಸ್ತನನ್ನು ಸಾರುವ ಕರ್ತವ್ಯವನ್ನೂ ಹೇಳುತ್ತದೆ. ಎರಡನ್ನೂ ಒಟ್ಟಿಗೆ ಓದಬೇಕು. ಒಂದರ್ಧ ಮಾತ್ರ ಓದುವವರು ಎರಡೂ ಪಕ್ಷದಲ್ಲಿ ಧಾರಾಳ ಇದ್ದಾರೆ.

ಚರ್ಚಿನ ದುಡ್ಡು. ಇದು ದೇವರ ಮೇಲಿನ ಸಂಶಯ ಅಲ್ಲ ಅಂತ ಹಿರಿಯರು ತಳ್ಳಿಹಾಕುತ್ತಾರೆ, ಆದರೆ ಯುವಕರು ದೂರವಾಗುವ ಮೊದಲ ಕಾರಣಗಳಲ್ಲಿ ಇದೂ ಒಂದು. ಗೊಣಗುವ ಬದಲು ದಾರಿ ಉಂಟು. ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು ಅಂತ ಧರ್ಮಸಭೆಯ ಕಾನೂನಿನ ಕ್ಯಾನನ್ (ಕಲಂ) 537 ಹೇಳುತ್ತದೆ. ಭಕ್ತರು ಕೊಟ್ಟ ಕಾಣಿಕೆಯ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕು ಅಂತ ಕ್ಯಾನನ್ 1287. ವಾರ್ಷಿಕ ಸಭೆಗೆ ಹೋಗಿ, ಒಂದೇ ಒಂದು ಬಾಬತ್ತು ಹಿಡಿದು, ಮರ್ಯಾದೆಯಿಂದ ಕೇಳಿ. "ಎಲ್ಲ ಲೆಕ್ಕ ಕೊಡಿ" ಅಂದರೆ ಜಗಳ, "ಹಾಲ್ ಬಾಡಿಗೆಯಿಂದ ಎಷ್ಟು ಬಂತು, ಎಲ್ಲಿಗೆ ಹೋಯಿತು" ಅಂದರೆ ಉತ್ತರ.

ಮದುವೆ ಮಾತಿನಲ್ಲಿ ಇನ್ನೂ ಜಾತಿ ಕೇಳುವುದರ ಬಗ್ಗೆಯೂ ಚೀಟಿ ಬರುತ್ತದೆ. ಗಲಾತ್ಯ 3:28 ತೆಗೆದು ಎದುರಿಗಿಡಿ. ಇದನ್ನು ಸಮರ್ಥಿಸುವ ದೈವಶಾಸ್ತ್ರ ಯಾವುದೂ ಇಲ್ಲ, ಅದನ್ನು ನೇರ ಹೇಳುವುದೇ ಒಳ್ಳೆಯದು.

ಬಲ್ಮಠ_ಸಭೆ

ನಾವು ಸಿಎಸ್ಐ (ಪ್ರೊಟೆಸ್ಟಂಟ್ ಪಂಗಡ) ಕಡೆಯವರು. 1834ರಲ್ಲಿ ಬಾಸೆಲ್ ಮಿಷನ್ ಬಂದಾಗಿನಿಂದ ಸತ್ಯವೇದ ಓದು ಮನೆಯ ಅಭ್ಯಾಸ ಅಂತ ಹೆಮ್ಮೆ ಪಡುವ ಸಭೆಗಳಲ್ಲೂ ದೃಢೀಕರಣ (ಕನ್ಫರ್ಮೇಶನ್) ಆದ ಮೇಲೆ ಇದೇ ಕಥೆ. ಕೂಟ ಹದಿನೈದು ದಿನಕ್ಕೊಮ್ಮೆ ಆಯಿತು, ನಡುವಿನ 14 ದಿನಕ್ಕೆ ಏನು? ಬೆಂಗಳೂರು, ಗಲ್ಫ್, ಹಡಗು ಅಂತ ಇರುವವರಿಗೆ ಕೂಟವೂ ಸಿಗುವುದಿಲ್ಲ.

ಕೀರ್ತನೆಗಳು 150, ತಿಂಗಳಿಗೆ 30 ದಿನ. ಇವತ್ತಿನ ತಾರೀಕು ತೆಗೆದುಕೊಳ್ಳಿ, ಅದಕ್ಕೆ 30, 60, 90, 120 ಕೂಡಿಸಿ. 13ನೇ ತಾರೀಕಾದರೆ 13, 43, 73, 103, 133. ಐದೂ ಓದಬೇಕೆಂದಿಲ್ಲ. ಐದರ ಮೊದಲ ಎರಡೆರಡು ಸಾಲು ನೋಡಿ, ಇವತ್ತು ಬಾಯಿಗೆ ಹೊಂದುವ ಒಂದನ್ನು ಹಿಡಿದು ಎರಡು ಸಲ ಓದಿ. 13 ಗೋಳು, 73 ಕೆಟ್ಟವರು ಸುಖವಾಗಿರುವುದನ್ನು ಕಂಡು ಹೊಟ್ಟೆಯುರಿ, 103 ಸ್ತುತಿ. ಮನಸ್ಸಿನ ಯಾವ ಸ್ಥಿತಿಗೂ ಒಂದು ಸಿಗುತ್ತದೆ. 29ನೇ ತಾರೀಕಿಗೆ 119 ಬರುತ್ತದೆ, ಅದು 176 ವಚನ, ಬಸ್ಸಿನಲ್ಲಿ ಮುಗಿಯುವಂಥದ್ದಲ್ಲ. ಅದನ್ನು 31ನೇ ತಾರೀಕಿಗೆ ಇಟ್ಟುಕೊಳ್ಳಿ.

ಮೊಬೈಲಿನಲ್ಲಿ ಓದುವವರಿಗೆ ಒಂದು ಮಾತು: ಓದುವ ಹತ್ತು ನಿಮಿಷ ಏರೋಪ್ಲೇನ್ ಮೋಡ್. ಅದಿಲ್ಲದಿದ್ದರೆ ಎರಡನೇ ವಚನಕ್ಕೇ ಮೇಲಿಂದ ನೋಟಿಫಿಕೇಶನ್ ಇಳಿಯುತ್ತದೆ.

ರಾತ್ರಿಗೆ ಸಂತ ಇಗ್ನೇಷಿಯಸರ ಆತ್ಮಶೋಧನೆ ಕಥೋಲಿಕರದ್ದಾದರೂ ನಮಗೇನೂ ಅಡ್ಡಿಯಿಲ್ಲ. ಐದು ಹೆಜ್ಜೆ: ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ದಿನವನ್ನು ಬೆಳಿಗ್ಗೆಯಿಂದ ಹಿಂದಿರುಗಿ ನೋಡುವುದು, ತಪ್ಪಿದ್ದಕ್ಕೆ ಪಶ್ಚಾತ್ತಾಪ, ನಾಳೆಗೆ ಒಂದು ನಿರ್ಧಾರ. ಐದು ನಿಮಿಷಕ್ಕಿಂತ ಜಾಸ್ತಿ ಎಳೆಯಬೇಡಿ. ಹಾಸಿಗೆಯಲ್ಲಿ ಮಲಗಿ ಶುರು ಮಾಡಿದರೆ ಮೂರನೇ ಹೆಜ್ಜೆಗೆ ನಿದ್ರೆ ಗ್ಯಾರಂಟಿ, ಕುರ್ಚಿಯಲ್ಲಿ ಕೂತೇ ಮಾಡಿ. ನೈಟ್ ಶಿಫ್ಟಿನವರು ರಾತ್ರಿಯದ್ದನ್ನು ಬೆಳಿಗ್ಗೆ ಮನೆಗೆ ಬಂದು ಸ್ನಾನ ಮಾಡಿದ ಮೇಲೆ ಮಾಡಲಿ. ಹೊತ್ತು ಯಾವುದಾದರೂ ಆಗಲಿ, ದಿನಾ ಮಾಡುವ ಇನ್ನೊಂದು ಕೆಲಸದ ಬಾಲಕ್ಕೆ ಕಟ್ಟಿದರೆ ಉಳಿಯುತ್ತದೆ.

ರಿಜಿಸ್ಟ್ರಿ_ಬುಕ್ಕು

ಬಾಗಿಲು ಮುಚ್ಚಿದೆ ಅನ್ನುವವರ ಬಗ್ಗೆ. ಅರ್ಧ ಜನ ಇಲ್ಲದ ನಿಯಮಕ್ಕೆ ಹೆದರಿ ದೂರ ಇರುತ್ತಾರೆ.

ಆದಿತ್ಯವಾರ ಕೆಲಸ ಇರುವವರು: ಶನಿವಾರ ಸಂಜೆಯ ಪೂಜೆ ಆದಿತ್ಯವಾರದ ಲೆಕ್ಕಕ್ಕೇ ಬರುತ್ತದೆ. ಕುವೈತಿನಲ್ಲಿ ಆದಿತ್ಯವಾರ ಕೆಲಸದ ದಿನ, ಅಲ್ಲಿರುವವರಿಗೂ ಇದು ಒಂದು ದಾರಿ. ಹಡಗಿನಲ್ಲಿ ಪೂಜೆಯೇ ಇಲ್ಲದಿದ್ದರೆ ಪಾಪ ಅಂತ ಕೊರಗಬೇಡಿ, ಅಂಥ ಕಡೆ ವಾಕ್ಯ ಓದಿ ಪ್ರಾರ್ಥನೆ ಮಾಡಬೇಕು ಅಂತಷ್ಟೇ ಧರ್ಮಸಭೆ ಒತ್ತಿ ಹೇಳುವುದು.

ವರ್ಷಗಟ್ಟಲೆ ಪಾಪನಿವೇದನೆ ಮಾಡದವರು: ಸ್ವಂತ ಇಗರ್ಜಿಗೇ ಹೋಗಬೇಕೆಂದಿಲ್ಲ. ಗುರುತಿನ ಫಾದರ್ ಹತ್ತಿರ ಸಂಕೋಚವಾದರೆ ಬಿಕರ್ನಕಟ್ಟೆಯ ಬಾಲಯೇಸು ಮಂದಿರದಂಥ ಪುಣ್ಯಕ್ಷೇತ್ರಕ್ಕೆ ಹೋಗಿ. ಗುರುವಾರದ ನೊವೇನದ (ವಿಶೇಷ ಪ್ರಾರ್ಥನೆಯ) ದಿನ ರಶ್ಶು, ಬೇರೆ ದಿನ ನೋಡಿ. ಪೂಜೆ ಶುರುವಾಗುವ ಐದು ನಿಮಿಷ ಮೊದಲು ಓಡಿ ಬಂದರೆ ಗುರುಗಳಿಗೂ ಅವಸರ, ನಿಮಗೂ ಅವಸರ. ಅರ್ಧ ಗಂಟೆ ಮೊದಲು ಹೋಗಿ. ಮೊದಲ ವಾಕ್ಯದಲ್ಲೇ "ಇಷ್ಟು ವರ್ಷ ಆಯಿತು, ಕ್ರಮ ಮರೆತಿದೆ, ದಾರಿ ತೋರಿಸಿ" ಅಂತ ಹೇಳಿಬಿಡಿ. ಮುಂದಿನದ್ದನ್ನು ಅವರೇ ನಡೆಸಿಕೊಂಡು ಹೋಗುತ್ತಾರೆ. ತಯಾರಿಗೆ ಹತ್ತು ಆಜ್ಞೆಗಳನ್ನು ಒಂದೊಂದಾಗಿ ಹಿಡಿದು ನೋಡಿದರೆ ಸಾಕು. ಅಲ್ಲಿ ಹೇಳಿದ್ದನ್ನು ಗುರುಗಳು ಯಾವ ಕಾರಣಕ್ಕೂ ಹೊರಗೆಡಹುವಂತಿಲ್ಲ.

ಮದುವೆ: ಸಿಎಸ್ಐ ಅಥವಾ ಬೇರೆ ಪಂಗಡದಲ್ಲಿ ದೀಕ್ಷಾಸ್ನಾನ ಆದವರ ಜೊತೆಗಾದರೆ ಬಿಷಪರ ಅನುಮತಿ ಬೇಕು. ಹಿಂದೂ, ಮುಸ್ಲಿಂ, ಜೈನ ಯಾರೇ ಆಗಲಿ, ದೀಕ್ಷಾಸ್ನಾನ ಆಗದವರ ಜೊತೆಗಾದರೆ ಅನುಮತಿ ಸಾಲದು, ವಿನಾಯಿತಿಯೇ ಬೇಕು. ಎರಡಕ್ಕೂ ಅರ್ಜಿ ಹೋಗುವುದು ನಿಮ್ಮ ವಿಗಾರರ ಮೂಲಕ. ಕಥೋಲಿಕರಾದವರು ತಮ್ಮ ನಂಬಿಕೆ ಬಿಡುವುದಿಲ್ಲ, ಮಕ್ಕಳಿಗೆ ದೀಕ್ಷಾಸ್ನಾನ ಕೊಟ್ಟು ಕಥೋಲಿಕರಾಗಿ ಬೆಳೆಸಲು ಕೈಲಾದಷ್ಟು ಮಾಡುತ್ತೇವೆ ಅಂತ ವಾಗ್ದಾನ ಮಾಡಬೇಕು. ಇನ್ನೊಬ್ಬರು ಮತಾಂತರ ಆಗಬೇಕೆಂದಿಲ್ಲ, ಈ ವಾಗ್ದಾನದ ವಿಷಯ ಅವರಿಗೆ ಗೊತ್ತಿರಬೇಕು ಅಷ್ಟೇ. ಇದನ್ನು ತಪ್ಪು ತಿಳಿದುಕೊಂಡೇ ಎಷ್ಟೋ ಜೋಡಿ ಇಗರ್ಜಿಯ ಮೆಟ್ಟಿಲು ಹತ್ತುವುದಿಲ್ಲ.

ದೀಕ್ಷಾಸ್ನಾನದ ಸರ್ಟಿಫಿಕೇಟ್ ಆರು ತಿಂಗಳೊಳಗೆ ತೆಗೆದದ್ದೇ ಆಗಬೇಕು, ಮನೆಯಲ್ಲಿ ಲ್ಯಾಮಿನೇಟ್ ಮಾಡಿಟ್ಟದ್ದು ನಡೆಯುವುದಿಲ್ಲ. ದೃಢೀಕರಣ, ಮದುವೆ ಎಲ್ಲ ಮೂಲ ರಿಜಿಸ್ಟರಿನ ಅಂಚಿನಲ್ಲೇ ದಾಖಲಾಗುವುದರಿಂದ ಈಗಿನ ಸ್ಥಿತಿ ಹೊಸ ಪ್ರತಿಯಲ್ಲಿ ಮಾತ್ರ ಕಾಣುತ್ತದೆ. ಬೆಂಗಳೂರಿನಲ್ಲೋ ವಿದೇಶದಲ್ಲೋ ಇದ್ದವರಾದರೆ ಅಲ್ಲಿನ ಇಗರ್ಜಿಯಿಂದ ಅವಿವಾಹಿತ ಅನ್ನುವ ಪತ್ರವೂ ಬೇಕಾಗುತ್ತದೆ, ಅದಕ್ಕೇ ಜಾಸ್ತಿ ತಡ. ದಿನಾಂಕಕ್ಕೆ ಹಾಲ್ ಬುಕ್ ಮಾಡುವ ಮೊದಲು ವಿಗಾರರನ್ನು ಕಾಣಿ, ನಮ್ಮಲ್ಲಿ ಯಾವಾಗಲೂ ಉಲ್ಟಾ ಆಗುವುದು.

1954ರ ವಿಶೇಷ ವಿವಾಹ ಕಾಯ್ದೆಯಡಿ ಹೋಗುವವರು: ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದಿರಬೇಕು, ನೋಟಿಸ್ ಹಾಕಿ 30 ದಿನ ಕಾಯಬೇಕು, ಮೂವರು ಸಾಕ್ಷಿ, ನೋಟಿಸಿನಿಂದ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಮತ್ತೆ ಹೊಸ ನೋಟಿಸ್. ಕಥೋಲಿಕರಿಗೆ ರಿಜಿಸ್ಟರ್ ಮದುವೆ ಒಂದೇ ಸಾಲದು, ಬಿಷಪರು ಚರ್ಚಿನ ಮದುವೆ ವಿಧಿಯಿಂದಲೂ ವಿನಾಯಿತಿ ಕೊಟ್ಟಿದ್ದರೆ ಬೇರೆ ಮಾತು. ಈಗಾಗಲೇ ರಿಜಿಸ್ಟರ್ ಮಾತ್ರ ಮಾಡಿಕೊಂಡಿದ್ದರೂ ಕಥೆ ಮುಗಿಯಲಿಲ್ಲ. ಅದನ್ನು ಚರ್ಚಿನಲ್ಲಿ ಊರ್ಜಿತಗೊಳಿಸುವ ಕ್ರಮ ಉಂಟು, ಇಬ್ಬರು ಸಾಕ್ಷಿಗಳ ಎದುರು ಸದ್ದಿಲ್ಲದೆ ಮಾಡಬಹುದು.

ಕಟಪಾಡಿ_ಹುಡುಗ

ಎಲ್ಲರಿಗೂ ದೇವ್ ಬರೆಂ ಕರುಂ (ಥ್ಯಾಂಕ್ಸ್). ಟೀಚರ್, ಎರಡು ಸಂಶಯ ಉಳಿದಿದೆ. ನಮ್ಮಲ್ಲಿ ಅರ್ಧ ಜನ ಇಂಗ್ಲಿಷ್ ಮೀಡಿಯಂ, ಕನ್ನಡ ಲಿಪಿಯ ಕೊಂಕಣಿ ಓದುವಾಗ ತಡವರಿಸುತ್ತಾರೆ. ಯಾವ ಭಾಷೆಯಲ್ಲಿ ನಡೆಸುವುದು? ಮತ್ತೆ ಇಬ್ಬರು ಹಿಂದೂ ಗೆಳೆಯರು ನಾವೂ ಕೂರಬಹುದಾ ಅಂತ ಕೇಳಿದ್ದಾರೆ.

ಬೆಂದೂರ್_ಟೀಚರ್

ಓದುವವರಿಗೆ ಅಧ್ಯಾಯವನ್ನು ಗುರುವಾರವೇ ಹೇಳಿ, ಮನೆಯಲ್ಲಿ ಎರಡು ಸಲ ಗಟ್ಟಿಯಾಗಿ ಓದಿ ಬರಲಿ. ಎದುರಿಗೇ ಪುಸ್ತಕ ಕೊಟ್ಟು ಓದಿಸಿದರೆ ತಡವರಿಸಿದವರು ಮತ್ತೆ ಬರುವುದಿಲ್ಲ. ಪ್ರಾರ್ಥನೆ ಕೊಂಕಣಿಯಲ್ಲಿ, ಅದು ಎಲ್ಲರಿಗೂ ಬಾಯಿಪಾಠ. ಮಾತಿಗೆ ಕೊಂಕಣಿ, ತುಳು, ಕನ್ನಡ, ಇಂಗ್ಲಿಷ್ ಯಾವುದಾದರೂ ಸರಿ. ಚೀಟಿಯೂ ಹಾಗೆಯೇ, ಆದರೆ ಡಬ್ಬಿಯಿಂದ ತೆಗೆದು ಓದುವವರು ಎಲ್ಲವನ್ನೂ ಒಂದೇ ಭಾಷೆಗೆ ತಿರುಗಿಸಿ ಹೇಳಲಿ, ಭಾಷೆಯಿಂದಲೂ ಆಳು ಯಾರು ಅಂತ ಗೊತ್ತಾಗುತ್ತದೆ.

ಹಿಂದೂ ಗೆಳೆಯರನ್ನು ಈ ಕೂಟಕ್ಕೆ ಸೇರಿಸಬೇಡಿ. ಅವರು ಬೇಡ ಅಂತಲ್ಲ. ಅವರೆದುರು ನಮ್ಮವರು ಚರ್ಚನ್ನು ಸಮರ್ಥಿಸಲು ಕೂರುತ್ತಾರೆ, ಸ್ವಂತ ಸಂಶಯ ಹೊರಗೆ ಬರುವುದೇ ಇಲ್ಲ. ಯಾರಾದರೂ ಹೊರಗಿನಿಂದ ನೋಡಿ ಬೇರೆ ಅರ್ಥ ಕಟ್ಟಿದರೆ ತೊಂದರೆ ಆ ಗೆಳೆಯರಿಗೂ. ಅವರ ಜೊತೆ ಮಾತಾಡಲಿಕ್ಕೆ ವರ್ಷದಲ್ಲಿ ಎರಡು ಸಲ ಬೇರೆಯೇ ಕೂತುಕೊಳ್ಳಿ, ವಿಗಾರರಿಗೆ ತಿಳಿಸಿ, ಬಾಗಿಲು ತೆರೆದಿಟ್ಟು. ಆಗ ಚೀಟಿ ಡಬ್ಬಿ ಬೇಡ, ಅವರೂ ತಮ್ಮ ಕಡೆಯಿಂದ ಒಂದು ಓದು ತರಲಿ.

ಪತ್ರ ಬರೆದ ಮೇಲೆ ಇಲ್ಲಿ ಹಾಕಿ, ಹೆಸರು ತೆಗೆದು. ಒಮ್ಮೆ ನೋಡಿ ಕೊಡುತ್ತೇನೆ.